ಮುದ್ದೇಬಿಹಾಳಕ್ಕೆ ಎಷ್ಟು ಮನೆ ಬೇಕು?

ಮುದ್ದೇಬಿಹಾಳ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಎರಡನೆಯ ತರಗತಿಯ ಹುಡುಗಿ ಬೆರಳು ಮಡಚಿ ಹೇಳುತ್ತಾಳೆ: ಮು, ದ್ದೇ, ಬಿ, ಹಾ, ಳ - ಐದು. ಕಂಪ್ಯೂಟರನ್ನು ಕೇಳಿ ನೋಡಿ, ಅದರ ಬಳಿ ಒಂದೇ ಉತ್ತರವಿಲ್ಲ. ಕೇಳುವ ರೀತಿಗೆ ತಕ್ಕಂತೆ 33 ಎನ್ನುತ್ತದೆ, 11 ಎನ್ನುತ್ತದೆ, 9 ಎನ್ನುತ್ತದೆ, 6 ಎಂದೂ ಹೇಳುತ್ತದೆ. ಐದು ಎಂದು ಮಾತ್ರ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಇದನ್ನು ತಮಾಷೆಯೆಂದು ಬಿಡುವಂತಿಲ್ಲ. ನಿಮ್ಮ ಊರಿನ ಹೆಸರು, ನಿಮ್ಮ ಮಗಳ ಹೆಸರು ಪರದೆಯ ಮೇಲೆ ಪೂರ್ತಿ ಮೂಡುತ್ತದೆಯೋ ಅರ್ಧಕ್ಕೆ ತುಂಡಾಗುತ್ತದೆಯೋ ಎಂಬುದು ಈ ಎಣಿಕೆಯನ್ನೇ ನಂಬಿಕೊಂಡಿದೆ.

ಎಣಿಕೆಯ ಪೇಚು ಎಲ್ಲಕ್ಕಿಂತ ಎದ್ದು ಕಾಣುವುದು ಬರೀ ಅಕ್ಷರಗಳಿರುವ ಪರದೆಯಲ್ಲಿ. ಇದಕ್ಕೆ ಟರ್ಮಿನಲ್ ಎಂದು ಹೆಸರು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತ ತಂದೆ ತಾಯಂದಿರಿಗೆ ಟರ್ಬೊ ಸಿ ತಂತ್ರಾಂಶದ ನೀಲಿ ಪರದೆ, ಅದರೊಳಗಿನ ಬಿಳಿ ಗೆರೆಯ ಚೌಕಟ್ಟು ಮರೆತಿರಲಾರದು. ಅಂಥದು ಹಳತಾಯಿತು, ಹೋಯಿತು ಎಂದುಕೊಂಡರೆ ತಪ್ಪು. ಲಿನಕ್ಸ್ ಕಲಿಯುವ ವಿದ್ಯಾರ್ಥಿಗೆ, ದೂರದ ಊರಿನಲ್ಲಿರುವ ಸರ್ವರನ್ನು ನೋಡಿಕೊಳ್ಳುವ ಇಂಜಿನಿಯರಿಗೆ ಇಂದಿಗೂ ದಿನ ಬೆಳಗಾದರೆ ಎದುರಾಗುವುದು ಇಂಥದೇ ಪರದೆ.

1978ರಲ್ಲಿ ಅಮೆರಿಕದ ಡಿಇಸಿ ಕಂಪನಿ ತಂದ ವಿಟಿ100 ಟರ್ಮಿನಲ್ ಇದಕ್ಕೆ ಮಾದರಿ. ಅದರಲ್ಲಿ 24 ಸಾಲು, ಸಾಲಿಗೆ 80 ಮನೆ. ಈ 80 ಇನ್ನೂ ಹಳೆಯದು, 1928ರಲ್ಲಿ ಐಬಿಎಂ ತಂದ ತೂತು ಕಾರ್ಡಿನ ಅಗಲವೂ ಅಷ್ಟೇ ಇತ್ತು. ಒಟ್ಟು 1,920 ಮನೆಗಳು, ಚದುರಂಗದ ಮಣೆಯಂತೆ. ಒಂದು ಮನೆಗೆ ಒಂದೇ ಅಕ್ಷರ. ಚೌಕಟ್ಟಿನ ಗೆರೆಗಳೂ ಮೂಲೆಗಳೂ ಅಕ್ಷರಗಳೇ. ಅಡ್ಡಗೆರೆಗೆ ಒಂದು ಸಂಖ್ಯೆ, ಉದ್ದಗೆರೆಗೆ ಒಂದು ಸಂಖ್ಯೆ. ಐಬಿಎಂ ಪಿಸಿಯಲ್ಲಿ 179 ಎಂದರೆ ನೆಟ್ಟಗೆ ನಿಂತ ಗೆರೆ. ಭಾರತೀಯ ಭಾಷೆಗಳಿಗೆಂದು 1991ರಲ್ಲಿ ಬಂದ ಇಸ್ಕಿ ಸಂಕೇತದಲ್ಲಿ ಅದೇ 179ಕ್ಕೆ ‘ಕ’ ಅಕ್ಷರ! ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಇದ್ದ ಯಂತ್ರದಲ್ಲಿ ಕನ್ನಡ ಕಾಣುತ್ತಿತ್ತು. ಅದಿಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ ‘ಕ’ ಇದ್ದಲ್ಲೆಲ್ಲ ಬೇಲಿಯ ಗೂಟ.

ಇಂಥ ಪರದೆಯಲ್ಲಿ ಒತ್ತುವ ಗುಂಡಿ, ಆಯ್ಕೆಯ ಪಟ್ಟಿ, ಹೆಸರು ತುಂಬುವ ಖಾಲಿ ಜಾಗ ಇವನ್ನೆಲ್ಲ ಬಿಡಿಸುವುದು ಹೇಗೆ? ಇವುಗಳಿಗೆ ವಿಜೆಟ್ ಎನ್ನುತ್ತಾರೆ. ನಮ್ಮ ಕಡೆಯ ಕಸೂತಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಇಳಕಲ್ ಸೀರೆಯ ಮೇಲೆ ಗೋಪುರವನ್ನೋ ತೇರನ್ನೋ ಮೂಡಿಸುವ ಅಜ್ಜಿ ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚುತ್ತಾಳೆ. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ವಿಜೆಟ್ ಕೂಡ ಹಾಗೆಯೇ. ಎಷ್ಟನೆಯ ಸಾಲು, ಎಷ್ಟನೆಯ ಮನೆ, ಎಷ್ಟು ಅಗಲ, ಎಷ್ಟು ಎತ್ತರ ಎಂದು ಅದಕ್ಕೆ ಒಂದು ಆಯತ ಕೊಡುತ್ತಾರೆ. ಅದು ತನ್ನ ಆಯತದೊಳಗೆ ಮೇಲಿನ ಗೆರೆ, ಎಡಗೋಡೆ, ಬರಹ, ಉಳಿದ ಜಾಗಕ್ಕೆ ಖಾಲಿ ಮನೆಗಳು, ಬಲಗೋಡೆ ಎಂದು ಎಣಿಸಿ ತುಂಬುತ್ತದೆ.

ಈ ಕೆಲಸಕ್ಕೆ ಸಿದ್ಧ ಕಾರ್ಯಕ್ರಮಗಳ ಭಂಡಾರ, ಅಂದರೆ ಲೈಬ್ರರಿ, ಮೊದಲು ಹೆಸರು ಮಾಡಿದ್ದು 1980ರ ಸುಮಾರಿಗೆ. ಬರ್ಕ್ಲಿ ವಿಶ್ವವಿದ್ಯಾಲಯದ ಕೆನ್ ಆರ್ನಾಲ್ಡ್ ಬರೆದ ಅದರ ಹೆಸರು ಕರ್ಸಸ್. ಇಂಗ್ಲಿಷಿನಲ್ಲಿ ಆ ಪದಕ್ಕೆ ಶಾಪ ಎಂಬ ಅರ್ಥವೂ ಇದೆ, ಬಳಸಿದವರು ಹೌದೆನ್ನುತ್ತಾರೆ. ಆಗ ಟರ್ಮಿನಲ್ಲಿಗೂ ಕಂಪ್ಯೂಟರಿಗೂ ನಡುವೆ ಫೋನ್ ತಂತಿ. ಸೆಕೆಂಡಿಗೆ 300 ಬಿಟ್ ವೇಗದಲ್ಲಿ 30 ಅಕ್ಷರ ಮಾತ್ರ ದಾಟುತ್ತಿದ್ದವು. 1,920 ಮನೆ ತುಂಬಲು 64 ಸೆಕೆಂಡು! ಒಂದು ಅಕ್ಷರ ಬದಲಾದಾಗಲೆಲ್ಲ ಪರದೆ ಪೂರ್ತಿ ಬರೆಯುತ್ತ ಕೂತರೆ ಕೆಲಸ ಸಾಗೀತೇ? ಆರ್ನಾಲ್ಡ್ ಲೈಬ್ರರಿಯ ಉಪಾಯ ಚೆಂದವಾಗಿದೆ. ಪರದೆಯ ಮೇಲೆ ಈಗ ಏನಿದೆ ಎಂಬ ಒಂದು ಪ್ರತಿ, ಮುಂದೆ ಏನಿರಬೇಕು ಎಂಬ ಇನ್ನೊಂದು ಪ್ರತಿ, ಎರಡನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಮನೆ ಮನೆಯನ್ನೂ ಹೋಲಿಸಿ, ಬದಲಾದಷ್ಟನ್ನೇ ಕಳಿಸುತ್ತದೆ. ಇದರ ವಂಶದ ಎನ್‌ಕರ್ಸಸ್ ಇಂದಿನ ಲಿನಕ್ಸ್ ಯಂತ್ರಗಳಲ್ಲೂ ಇದೆ.

ಇಲ್ಲೊಂದು ಸೂಕ್ಷ್ಮವಿದೆ. ಪರದೆಯ ಮೇಲೆ ಏನಿದೆ ಎಂದು ಲೈಬ್ರರಿ ಕಣ್ಣಿಟ್ಟು ನೋಡುವುದಿಲ್ಲ. ತಾನು ಕಳಿಸಿದ್ದನ್ನು ತಾನೇ ಎಣಿಸಿ, ಇಷ್ಟು ಮನೆ ಮುಂದೆ ಹೋಗಿರಬೇಕು ಎಂದು ನಂಬುತ್ತದೆ. ಅತ್ತ ಟರ್ಮಿನಲ್ ತನ್ನ ಲೆಕ್ಕ ತಾನು ಇಡುತ್ತದೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ಜಗಳವಿಲ್ಲ, ಅಕ್ಷರಕ್ಕೆ ಒಂದು ಮನೆ. ಚೀನೀ ಲಿಪಿಗೆ ನೇರವಾಗಿ ಎರಡು ಮನೆ ಎಂದು ಗೊತ್ತುಮಾಡಿದರು. ಕನ್ನಡಕ್ಕೆ?

ಯೂನಿಕೋಡಿನಲ್ಲಿ ನಮ್ಮ ಅಕ್ಷರಗಳು ಬಿಡಿ ಬಿಡಿಯಾಗಿ ಕೂತಿವೆ. ಮುದ್ದೇಬಿಹಾಳಕ್ಕೆ ಮ, ಕೊಂಬು, ದ, ಅರ್ಧಾಕ್ಷರದ ಚಿಹ್ನೆ, ಮತ್ತೆ ದ, ಏತ್ವ, ಬ, ಗುಡಿಸು, ಹ, ದೀರ್ಘ, ಳ - ಹೀಗೆ 11 ಸಂಕೇತ. ಪೈಥಾನ್ ಭಾಷೆಯ ‘ಲೆನ್’ ಆಣತಿ ಕೊಡುವ ಉತ್ತರ ಇದು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರು ಬೈಟ್, ಆದ್ದರಿಂದ 33. ಕೇಂಬ್ರಿಜ್‌ನ ಮಾರ್ಕಸ್ ಕೂನ್ ಬರೆದು ಎಲ್ಲೆಡೆ ಹರಡಿದ ಅಗಲದ ಲೆಕ್ಕದಲ್ಲಿ ಗುಡಿಸಿಗೂ ಅರ್ಧಾಕ್ಷರದ ಚಿಹ್ನೆಗೂ ಸೊನ್ನೆ, ಕೊಂಬು ದೀರ್ಘಗಳಿಗೆ ಒಂದೊಂದು ಮನೆ. ಹಾಗಾಗಿ 9. ಅಕ್ಷರಗುಚ್ಛ ಎಣಿಸುವ ಯೂನಿಕೋಡ್ ನಿಯಮದಲ್ಲಿ ಮು, ದ್, ದೇ, ಬಿ, ಹಾ, ಳ ಎಂದು 6. ಒತ್ತಕ್ಷರವನ್ನು ಒಡೆಯಬಾರದು ಎಂಬ ತಿದ್ದುಪಡಿ 2023ರ 15.1ನೇ ಆವೃತ್ತಿಯಲ್ಲಿ ಬಂತು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ, ನಮ್ಮ ಪಕ್ಕದ ತೆಲುಗು ಇವುಗಳಿಗೆ ಅನ್ವಯಿಸಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ.

ಈಗ ಒಂದು ಪುಟ್ಟ ಪಟ್ಟಿ ಬಿಡಿಸೋಣ. 14 ಮನೆ ಅಗಲದ ಚೌಕಟ್ಟು, ಒಳಗೆ ನಾಲ್ಕು ಊರು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಲೈಬ್ರರಿ ಕೂನ್ ಲೆಕ್ಕದಂತೆ 3, 4, 9, 12 ಎಂದು ಎಣಿಸಿ ಉಳಿದದ್ದಕ್ಕೆ ಖಾಲಿ ಮನೆ ತುಂಬಿ ಬಲಗೋಡೆ ಹಾಕಿತು. ಟರ್ಮಿನಲ್ ಗುಚ್ಛಕ್ಕೊಂದು ಮನೆಯಂತೆ 2, 3, 6, 9 ಎಂದು ಎಣಿಸಿತು. ಫಲವೇನು? ಇಂಡಿ, ಸಿಂದಗಿಗಳ ಗೋಡೆ ಒಂದು ಮನೆ ಒಳಗೆ ಬಂತು, ಕೆಳಗಿನ ಎರಡರದು ಮೂರು ಮನೆ. ಅಜ್ಜಿಯ ಗೋಪುರ ವಾಲಿತು. ಗೋಡೆ ವಾಲಿದರೆ ಕಣ್ಣಿಗಷ್ಟೇ ಕಿರಿಕಿರಿ. ಮುಂದಿನ ತಿದ್ದುಪಡಿಯನ್ನು ಲೈಬ್ರರಿ ತಪ್ಪು ಮನೆಗೆ ಬರೆದು ಇದ್ದ ಅಕ್ಷರವನ್ನು ಅಳಿಸಿದಾಗ ನಿಜವಾದ ನಷ್ಟ.

ಇನ್ನು ಕತ್ತರಿಸುವ ವಿಚಾರ. ಹೆಸರಿಗೆ ಜಾಗ ಸಾಲದಾದಾಗ ಎಷ್ಟೋ ಕಾರ್ಯಕ್ರಮಗಳು ಸಂಕೇತ ಎಣಿಸಿ ತುಂಡು ಮಾಡುತ್ತವೆ. ‘ಲಕ್ಷ್ಮಿ’ಯಲ್ಲಿ ಏಳು ಸಂಕೇತಗಳಿವೆ. ನಾಲ್ಕಕ್ಕೆ ಕತ್ತರಿಸಿದರೆ ಉಳಿಯುವುದು ‘ಲಕ್ಷ’. ಮಗಳು ದುಡ್ಡಿನ ಲೆಕ್ಕವಾದಳು ಎಂದು ಅಪ್ಪ ನಕ್ಕಾನು, ಅದೇ ಹೆಸರಿನಲ್ಲಿ ಅರ್ಜಿ ಹುಡುಕಬೇಕಾದ ಮಗಳಿಗೆ ನಗು ಬಾರದು.

ಕಂಪ್ಯೂಟರ್ ಓದುವ ಮಕ್ಕಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಆ ನಾಲ್ಕು ಊರುಗಳ ಪಟ್ಟಿಯನ್ನು ಮೊದಲು ಖಾಲಿ ಮನೆ ತುಂಬಿ ಬಿಡಿಸಿ, ಗೋಡೆ ಎಲ್ಲೆಲ್ಲಿ ಸೊಟ್ಟಗಾಯಿತು ಬರೆದುಕೊಳ್ಳಿ. ಬೇರೆ ಟರ್ಮಿನಲ್ ತಂತ್ರಾಂಶದಲ್ಲಿ ಅದನ್ನೇ ತೆರೆಯಿರಿ, ಬೇರೆ ರೀತಿ ಸೊಟ್ಟಗಾಗಲೂಬಹುದು. ಆಮೇಲೆ ಖಾಲಿ ಮನೆಗಳನ್ನು ನಂಬದೆ, ಪ್ರತಿ ಸಾಲಿನಲ್ಲೂ ಹೆಸರು ಬರೆದಾದ ಮೇಲೆ ‘ಇಷ್ಟನೆಯ ಸಾಲು, ಇಷ್ಟನೆಯ ಮನೆಗೆ ಹೋಗು’ ಎಂಬ ಆಣತಿಯನ್ನು ಟರ್ಮಿನಲ್ಲಿಗೆ ನೇರವಾಗಿ ಕಳಿಸಿ, ಅಲ್ಲಿ ಬಲಗೋಡೆಯ ಗೆರೆ ಇಡಿ. ವಿಟಿ100 ಕಾಲದಿಂದ ಇರುವ ಆಣತಿ ಅದು. ಹೆಸರು ಎಷ್ಟೇ ಮನೆ ನುಂಗಿದರೂ ಗೋಡೆ ನೆಟ್ಟಗೆ ನಿಲ್ಲುತ್ತದೆ. ಹೆಸರೇ ಗೋಡೆ ದಾಟುವಷ್ಟು ಉದ್ದವಾದರೆ ಎಲ್ಲಿ ಕತ್ತರಿಸಬೇಕು ಎಂಬುದನ್ನು ಮಾತ್ರ ನೀವೇ ಬರೆಯಬೇಕು, ಒತ್ತಕ್ಷರದ ನಡುವೆ ಕತ್ತರಿ ಬೀಳದ ಹಾಗೆ.