ಬೆಕ್ಕು ಬೋಳಸಬ್ಯಾಡ್ರಿ, ಹಣಗಿ ಹಿಡೀರಿ

ಮೊನ್ನೆ ನಮ್ಮ ಓಣಿ ಕಡೀ ಮನಿ ವೈನಿ ಬಂದು ಕೂತವರು, ಸೆರಗಿನ ಮ್ಯಾಲಿನ ಬಿಳೇ ಕೂದಲಾ ಒಂದೊಂದ ಆರಸಿ ತಗೀತಾ, "ಬ್ಯಾಸಗಿ ಬಂತ್ ನೋಡ್ರಿ, ನಮ್ಮ ಪರ್ಶಿಯನ್ ಬೆಕ್ಕನ್ನ ಪೂರಾ ಬೋಳಿಸಿ ಬಿಡಬೇಕಂತ ಮಾಡೀನಿ. ಅದಕ್ಕೂ ತಂಪು, ನನಗೂ ಕಸಾ ಹೊಡಿಯೋದು ತಪ್ತದ" ಅಂದ್ರು. ನಾ ಚಹಾದ ಕಪ್ಪು ಕೆಳಗಿಟ್ಟು "ಬ್ಯಾಡ್ರಿ ವೈನಿ" ಅಂದೆ. ಯಾಕ ಬ್ಯಾಡ ಅನ್ನೂದು ಅಷ್ಟು ಹೊತ್ತಿನ್ಯಾಗ ಹೇಳಿ ಮುಗಿಯೂ ಮಾತಲ್ಲ, ಅದಕ್ಕ ಬರೀಲಿಕ್ಕತ್ತೀನಿ. ಉದ್ದ ಕೂದಲಿನ ಬೆಕ್ಕು ಸಾಕಿದವರು ಈಗ ನಮ್ಮ ಬಳಗದಾಗ ಭಾಳ ಮಂದಿ ಇದ್ದೀರಿ.

ಎರಡು ವರ್ಷದ ಹಿಂದ ಇದೇ ತಪ್ಪು ಮಾಡಿದಾಕಿ ನಾನು. ನಮ್ಮ ಬೆಣ್ಣಿನ್ನ ಹಟಾ ಮಾಡಿ ತಂದಾಂವ ಮಗ, ಫೋಟೋ ತಗಿಯಾಂವ ಮಗ, ಹಾಸಿಗಿ ಜಾಡಸಾಕಿ ಮಾತ್ರ ನಾನು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತಾರಲ್ಲ, ನಮ್ಮ ಮನ್ಯಾಗ ಮಗಗ ಚೆಲ್ಲಾಟ, ನನಗ ಪ್ರಾಣಸಂಕಟ. ಒಂದಿನ ನೈವೇದ್ಯಕ್ಕ ಮಾಡಿದ ಪಾಯಸದಾಗ ಉದ್ದನ್ನ ಕೂದಲು ಕಾಣಿಸ್ತು. ಸಿಟ್ಟು ನೆತ್ತಿಗೇರಿ ಮರುದಿನಾನ ಒಯ್ದು ಬೋಳಿಸಿಕೊಂಡು ಬಂದೆ.

ಬೆಣ್ಣಿ ಮೂರು ದಿನಾ ಮಂಚದ ಬುಡಕ ಬಿಟ್ಟು ಹೊರಗ ಬರಲಿಲ್ಲ. ಕಿಡಕಿ ಬಿಸಿಲಿನ್ಯಾಗ ಮಲಗೂ ಬೆಕ್ಕು ಅದು, ಬೋಳು ಬೆನ್ನು ಕೆಂಪಗಾತು. ಕೂದಲು ಉದರೂದರ ನಿಂತಿತೇನು? ಅದೂ ಇಲ್ಲ. ಮೊದಲು ಉದ್ದನ್ನವು ಬೀಳ್ತಿದ್ವು, ಆಮ್ಯಾಲೆ ಮುಳ್ಳಿನಂಥಾ ಸಣ್ಣ ಕೂದಲು ಬಿದ್ದು ಚಾದರದ ನೇಯ್ಗಿಯೊಳಗ ಸಿಕ್ಕೊಂಡು ಕೂತ್ವು. ಮೈ ಮೊದಲಿನಂಗ ಆಗಲಿಕ್ಕೆ ಆರು ತಿಂಗಳು ಹಿಡೀತು.

ಬೆಕ್ಕು ನಮ್ಮಂಗ ಮೈಯೆಲ್ಲಾ ಬೆವರಿ ತಂಪಾಗೂ ಪ್ರಾಣಿ ಅಲ್ಲ. ಅದು ಬೆವರೂದು ಪಾದದ ಅಡೀಗೆ ಅಷ್ಟ. ಮೈಮ್ಯಾಲಿನ ಕೂದಲು ಬಿಸಿಲು ನೇರ ಚರ್ಮಕ್ಕ ತಾಗದಂಗ ಕಾಯ್ತದ. ಸೆಕಿಗೆ ಅದಕ್ಕ ಬೇಕಾದದ್ದು ನೆರಳು, ಗಾಳಿ, ಕುಡೀಲಿಕ್ಕೆ ನೀರು. ಇನ್ನ ಉದರೂದು ರೋಗ ಅಲ್ಲ. ಹಗಲು ದೊಡ್ಡದಾಗ್ತಾ ಬಂದಂಗ ಚಳಿಗಾಲದ ದಟ್ಟ ಕೂದಲು ಬೀಳ್ತಾವ. ಮನ್ಯಾಗ ದೀಪದ ಬೆಳಕಿನ್ಯಾಗ ಇರೋ ಬೆಕ್ಕಿಗೆ ವರ್ಷಪೂರ್ತಿ ಅಷ್ಟಷ್ಟು ಬೀಳ್ತಾವ. ಅದನ್ನ ನಿಲ್ಲಸೂದು ನಮ್ಮ ಕೈಯಾಗಿಲ್ಲ. ಎಲ್ಲೆ ಬೀಳಬೇಕು ಅನ್ನೂದಷ್ಟ ನಮ್ಮ ಕೈಯಾಗ ಅದ: ಹಾಸಿಗಿ ಮ್ಯಾಲೋ, ಹಣಗಿಯೊಳಗೋ, ಬೆಕ್ಕಿನ ಹೊಟ್ಟಿಯೊಳಗೋ.

ಹೊಟ್ಟಿ ಯಾಕಂದೆ ಅಂದ್ರ, ಬೆಕ್ಕಿನ ನಾಲಿಗಿ ತುಂಬ ಒಳಮುಖ ಇರೋ ಸಣ್ಣ ಮುಳ್ಳು ಇರ್ತಾವ. ಮೈ ನೆಕ್ಕಿದಾಗ ಸಿಕ್ಕ ಕೂದಲು ಹೊರಗ ಉಗುಳಲಿಕ್ಕೆ ಬರೂದಿಲ್ಲ, ನುಂಗೇ ನುಂಗ್ತದ. ಮುಂದ ಅದೇ ಉಂಡಿಯಾಗಿ ವಾಂತಿಯೊಳಗ ಬರ್ತದ. ನಾವು ಹಿಕ್ಕಿ ತಗದಷ್ಟೂ ಅದು ನುಂಗೂದು ಕಡಿಮಿ.

ಹಿಕ್ಕೂದು ನಮಗ ಹೆಣ್ಣುಮಕ್ಕಳಿಗೆ ಯಾರೂ ಕಲಸಬೇಕಾಗಿಲ್ಲ. ದಿನಾ ಹತ್ತು ನಿಮಿಷ ಸಾಕು. ಮೊದಲು ಅಗಲ ಹಲ್ಲಿನ ಉಕ್ಕಿನ ಹಣಗಿ, ಆಮ್ಯಾಲೆ ಸಣ್ಣ ಹಲ್ಲಿಂದು. ಕಿವಿ ಹಿಂದ, ಕಂಕಳಾಗ, ಹೊಟ್ಟಿ ಕೆಳಗ, ಹಿಂಗಾಲಿನ ಸಂದ್ಯಾಗ ಸಿಕ್ಕು ಮೊದಲು ಕಟ್ಟೂದು, ಅಲ್ಲೆ ಬೆರಳಾಡಿಸಿ ನೋಡ್ರಿ. ಸಿಕ್ಕು ಸಿಕ್ರ ಬುಡದಾಗ ಎರಡು ಬೆರಳಿಲೆ ಹಿಡಕೊಂಡು ತುದಿಯಿಂದ ಬಿಡಸ್ರಿ, ಚೂರು ಕಾರ್ನ್‌ಫ್ಲೋರ್ ಉದುರಿಸಿದ್ರ ಜಾರ್ತದ. ಕತ್ತರಿ ಮಾತ್ರ ಹಚ್ಚಬ್ಯಾಡ್ರಿ. ತೆಳ್ಳನ ಚರ್ಮ ಸಿಕ್ಕಿನ ಜೋಡಿ ಮ್ಯಾಲೆದ್ದು ಬರ್ತದ, ಕೂದಲಂತ ತಿಳದು ಚರ್ಮಾನ ಕತ್ತರಿಸಿಬಿಡ್ತೀವಿ. ನಮ್ಮವ್ವ ನಮಗ ಎರಿಯೂದಕ್ಕಿಂತ ಮೊದಲು ಸಿಕ್ಕು ಬಿಡಸ್ತಿದ್ಲು. ಬೆಕ್ಕಿಗೂ ಅದೇ ಲೆಕ್ಕ, ಸಿಕ್ಕಿನ ಮ್ಯಾಲೆ ನೀರು ಬಿದ್ರ ಅದು ಇನ್ನಷ್ಟು ಬಿಗೀತದ. ನಾವು ಹಚ್ಚಿಕೊಳ್ಳೂ ಶಾಂಪೂನೂ ಅದರ ಚರ್ಮಕ್ಕ ಒಗ್ಗೂದಿಲ್ಲ.

ಸೋಫಾ ಮ್ಯಾಲಿನ ಕೂದಲಿಗೆ ರಬ್ಬರ್ ಕೈಚೀಲ ಹಾಕ್ಕೊಂಡು, ಚೂರು ಒದ್ದಿ ಮಾಡಿ, ಒಂದೇ ದಿಕ್ಕಿಗೆ ಸವರ್ರಿ. ಬತ್ತಿಯಂಗ ಸುತಗೊಂಡು ಬರ್ತದ.

ಇನ್ನೊಂದು ಮಾತು, ನಮ್ಮಂಥಾ ಸಸ್ಯಾಹಾರಿ ಮನಿಯವರಿಗೆ. ಬರೇ ಹಾಲು-ಅನ್ನದ ಮ್ಯಾಲೆ ಬೆಕ್ಕು ಬಾಳೂದಿಲ್ರಿ. ಅದಕ್ಕ ಟಾರಿನ್ ಅನ್ನೋ ಸತ್ವ ಬೇಕೇ ಬೇಕು, ಮಾಂಸ-ಮೀನದಾಗ ಇರೂದು ಅದು. ಸಿಗದಿದ್ರ ಕಣ್ಣು, ಹೃದಯ ಕೆಡ್ತಾವ. ಪ್ರೋಟೀನ್ ಸಾಲದಿದ್ರ ಕೂದಲೂ ಹೊಳಪು ಹೋಗಿ ಒರಟಾಗ್ತದ. ಮನ್ಯಾಗ ಬೇಯಿಸಲಿಕ್ಕೆ ಆಗದಿದ್ರ ಬೆಕ್ಕಿಗಂತ ಮಾಡಿದ ಪಾಕೀಟಿನ ಆಹಾರ ಹಾಕ್ರಿ. ಅದೂ ಒಲ್ಲೆ ಅನ್ನವರು ಬೆಕ್ಕು ತರಬಾರದು ಅಂತ ನನ್ನ ಖಡಕ್ ಅಭಿಪ್ರಾಯ.

ಅಲ್ಲಲ್ಲೆ ದುಂಡಗ ಬೋಳಾದ್ರ, ಚರ್ಮ ಕೆಂಪಾಗಿ ತುರಿಸಿದ್ರ, ಅಥವಾ ಊಟಾ ಬಿಟ್ಟು ಬರೇ ಓಕರಿಸ್ತಿದ್ರ ಹಣಗಿ ಸಾಲೂದಿಲ್ಲ, ಡಾಕ್ಟರ್ ಹತ್ರ ಒಯ್ಯಬೇಕು. ಹುಳುಕಡ್ಡಿ ಆಗಿದ್ರ ಅದು ಮನಿ ಮಕ್ಕಳಿಗೂ ಹತ್ತತದ. ಸಿಕ್ಕು ಚರ್ಮಕ್ಕ ಅಂಟಿ ಗಟ್ಟಿಯಾಗಿ ಡಾಕ್ಟರೇ ಬೋಳಸಬೇಕಂದ್ರ ಆ ಮಾತು ಬ್ಯಾರೆ.

ಈಗ ಖರೇ ಹೇಳತೀನಿ. ಅವತ್ತು ನಾ ಬೆಣ್ಣಿನ್ನ ಬೋಳಿಸಿದ್ದು ಸೆಕಿಗಲ್ಲ. ನನಗ ಸಿಟ್ಟು ಇದ್ದದ್ದು ಮಗನ ಮ್ಯಾಲೆ, ತೀರಿಸಿಕೊಂಡದ್ದು ಮೂಕ ಪ್ರಾಣಿ ಮ್ಯಾಲೆ. ಮಗಗ "ನೀ ತಂದೀದಿ, ನೀನ ಹಿಕ್ಕು" ಅಂತ ಒಂದು ಮಾತು ಹೇಳಿದ್ರ ಮುಗೀತಿತ್ತು. ಆ ಮಾತು ನಾವು ಹೇಳೂದಿಲ್ಲ. ಎಲ್ಲಾ ಮೈಮ್ಯಾಲೆ ಎಳಕೊಂಡು, ಆಮ್ಯಾಲೆ ಯಾರ ಮ್ಯಾಲೋ ಹರಿಹಾಯ್ತೀವಿ.

ಈಗ ರಾತ್ರಿ ಊಟ ಆದ ಕೂಡಲೆ ಮಗ ಹಣಗಿ ಹಿಡಕೊಂಡು ಕೂಡ್ತಾನ. ತಪ್ಪಿಸಿದ ದಿನ ಬೆಣ್ಣಿನ್ನ ಅವನ ದಿಂಬಿನ ಮ್ಯಾಲೇ ಮಲಗಸ್ತೀನಿ.

ವೈನಿ, ಐತವಾರ ಬೆಕ್ಕು ತಗೊಂಡು ಬರ್ರಿ, ಹೆಂಗ ಹಿಕ್ಕೂದು ತೋರಸ್ತೀನಿ. ಬೆಕ್ಕು ತಂದ ನಿಮ್ಮ ಮಗನ್ನೂ ಕರಕೊಂಡ ಬರ್ರಿ ಮತ್ತ!