ಅವಶೇಷ ಎತ್ತುವವರು ಯಾರು?

ಮಹಾನಗರವೊಂದರ ಅರ್ಧಭಾಗ ನೆಲಸಮವಾಗುತ್ತದೆ. ಮುಗಿಲು ಮುಟ್ಟುವ ಕಟ್ಟಡಗಳು ಮರಳಿನ ಗೂಡಿನಂತೆ ಕುಸಿಯುತ್ತವೆ, ಬಸ್ಸುಗಳು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತವೆ. ಕೊನೆಗೆ ಖಳನ ಸಂಹಾರವಾಗಿ, ನಾಯಕ ಮುಖದ ಮೇಲಿನ ದೂಳು ಒರೆಸಿಕೊಂಡು ನಗುವಲ್ಲಿಗೆ ಚಿತ್ರ ಮುಗಿಯುತ್ತದೆ. 2012ರ ‘ದಿ ಅವೆಂಜರ್ಸ್’ನಲ್ಲಿ ಈ ಗತಿ ನ್ಯೂಯಾರ್ಕಿಗೆ ಬಂತು. 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಕಾಲ್ಪನಿಕ ನಗರವಾದ ಮೆಟ್ರೊಪೊಲಿಸ್‌ಗೆ ಬಂತು. ಮಾರನೆಯ ಬೆಳಿಗ್ಗೆ ಆ ಊರುಗಳಲ್ಲಿ ಏನಾಯಿತು? ಸತ್ತವರ ಗುರುತು ಹಚ್ಚಿದವರಾರು, ಒಡೆದ ನೀರಿನ ಕೊಳವೆಗಳನ್ನು ಜೋಡಿಸಿದವರಾರು, ಪರಿಹಾರದ ಪಟ್ಟಿ ಬರೆದವರಾರು? ಆಯುಷ್ಯದ ಬಹುಪಾಲನ್ನು ಸರ್ಕಾರಿ ಸೇವೆಯಲ್ಲಿ ಕಳೆದ ನನ್ನಂಥವನನ್ನು ನಿವೃತ್ತಿಯ ಬಳಿಕವೂ ಇಂಥ ಪ್ರಶ್ನೆಗಳು ಬಿಡುವುದಿಲ್ಲ.

ನಾನು ಚಿತ್ರ ವಿಮರ್ಶಕನಲ್ಲ. ವರ್ಷಕ್ಕೆ ಐದಾರು ಚಿತ್ರ ನೋಡುವ, ಅದರಲ್ಲಿ ಮೂರನ್ನಾದರೂ ಮೊಮ್ಮಗನ ಒತ್ತಾಯಕ್ಕೆ ನೋಡುವ ಸಾಮಾನ್ಯ ಪ್ರೇಕ್ಷಕ. ಈ ಚಿತ್ರಗಳು ಅವಾಸ್ತವ ಎಂಬ ದೂರು ನನ್ನದಲ್ಲ. ಹನುಮಂತ ಪರ್ವತವನ್ನೇ ಹೊತ್ತು ತಂದ ಕಥೆ ಕೇಳುತ್ತ, ಬಯಲಾಟದ ರಕ್ಕಸರನ್ನು ನೋಡುತ್ತ ಬೆಳೆದವರಿಗೆ ಹಾರುವ ಮನುಷ್ಯನನ್ನು ಒಪ್ಪಿಕೊಳ್ಳುವುದು ಕಷ್ಟವೇನಲ್ಲ. ಮಾರ್ವೆಲ್ ಚಿತ್ರಗಳು ಸಿನಿಮಾ ಎನ್ನುವುದಕ್ಕಿಂತ ವಿನೋದ ಉದ್ಯಾನಗಳಿಗೆ ಹತ್ತಿರವಾದವು ಎಂದು ಹೆಸರಾಂತ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2019ರಲ್ಲಿ ಹೇಳಿದ್ದು ದೊಡ್ಡ ವಾಗ್ವಾದಕ್ಕೆ ಕಾರಣವಾಗಿತ್ತು. ಆ ವಾದಕ್ಕೂ ನಾನು ಇಳಿಯುವುದಿಲ್ಲ. ಜಾತ್ರೆಗೂ ಅದರದೇ ಆದ ಸ್ಥಾನವಿದೆ. ನನ್ನ ತಕರಾರು ಬೇರೆ. ಜನ ಒಟ್ಟಾಗಿ ಬದುಕಲು ಬೇಕಾದ ಸಾಮಾನ್ಯ ದುಡಿಮೆ, ಹೊಣೆಗಾರಿಕೆ, ಲೆಕ್ಕಪತ್ರ ಇವೆಲ್ಲವನ್ನೂ ಈ ಚಿತ್ರಗಳು ತೆರೆಯಿಂದ ಹೊರಗಿಟ್ಟಿವೆ. ಕ್ರಮೇಣ ಅವು ನಮ್ಮ ಮನಸ್ಸಿನಿಂದಲೂ ಹೊರಬೀಳುತ್ತಿವೆಯೇನೋ ಎಂಬುದು ನನ್ನ ಆತಂಕ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಫ್ರಾನ್ಸಿನ ಫ್ರೆಡರಿಕ್ ಬಾಸ್ಟಿಯಾ 1850ರಲ್ಲಿ ಹೇಳಿದ ಒಡೆದ ಕಿಟಕಿಯ ದೃಷ್ಟಾಂತ ನೆನಪಿರಬಹುದು. ಹುಡುಗನೊಬ್ಬ ಅಂಗಡಿಯ ಗಾಜು ಒಡೆಯುತ್ತಾನೆ. ಗಾಜಿನವನಿಗೆ ಕೆಲಸ ಸಿಕ್ಕಿತಲ್ಲ, ಒಳ್ಳೆಯದೇ ಆಯಿತು ಎನ್ನುತ್ತಾರೆ ನೆರೆದ ಜನ. ಅದೇ ಹಣದಲ್ಲಿ ಅಂಗಡಿಯವನು ಕೊಳ್ಳಬಹುದಾಗಿದ್ದ ಪಾದರಕ್ಷೆ ಅವರ ಕಣ್ಣಿಗೆ ಕಾಣುವುದಿಲ್ಲ. ಕಾಣುವುದನ್ನು ಮಾತ್ರ ಎಣಿಸಿ ಕಾಣದ್ದನ್ನು ಮರೆಯುವ ಈ ದೋಷವೇ ಸಾಹಸ ಚಿತ್ರಗಳ ಬಂಡವಾಳ. ಒಂದು ಚಿತ್ರ ಮಾತ್ರ ಕಾಣದ್ದನ್ನು ಕಾಣಿಸಿತು. 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ನ ಖಳ ಏಡ್ರಿಯನ್ ಟೂಮ್ಸ್ ಮೂಲತಃ ಅವಶೇಷ ಸಾಗಿಸುವ ಗುತ್ತಿಗೆದಾರ. ನ್ಯೂಯಾರ್ಕಿನ ಕಾಳಗದ ನಂತರ ನಗರಾಡಳಿತದಿಂದ ಗುತ್ತಿಗೆ ಪಡೆದು, ಅದನ್ನು ನಂಬಿ ಲಾರಿಗಳನ್ನು ಕೊಂಡು ಆಳುಗಳನ್ನು ಗೊತ್ತುಮಾಡಿಕೊಂಡಿರುತ್ತಾನೆ. ಅಷ್ಟರಲ್ಲಿ ಸೂಪರ್‌ಹೀರೊಗಳಲ್ಲೇ ಒಬ್ಬನಾದ ಕೋಟ್ಯಧಿಪತಿ ಸ್ಟಾರ್ಕ್ ಮತ್ತು ಒಕ್ಕೂಟ ಸರ್ಕಾರ ಸೇರಿ ರಚಿಸಿದ ಇಲಾಖೆಯೊಂದು ಬಂದು ಅವನನ್ನು ಹೊರಗಟ್ಟುತ್ತದೆ. ಊರು ಕೆಡವಿದ ಪಕ್ಷದವರಿಗೇ ಊರು ಗುಡಿಸುವ ಕೆಲಸವೂ ದಕ್ಕುತ್ತದೆ! ಟೆಂಡರ್ ಕಡತಗಳ ನಡುವೆ ಬದುಕು ಸವೆಸಿದ ನನಗೆ ಆ ಖಳನ ಮೇಲೆ ಅನುಕಂಪ ಹುಟ್ಟಿದ್ದು ಸುಳ್ಳಲ್ಲ. ಆದರೆ ಹತ್ತೇ ನಿಮಿಷದಲ್ಲಿ ಚಿತ್ರ ಅವನಿಗೆ ರೆಕ್ಕೆ ಕಟ್ಟಿ ಕಳ್ಳನನ್ನಾಗಿಸಿ ತನ್ನ ಪ್ರಶ್ನೆಯಿಂದ ತಾನೇ ಪಾರಾಯಿತು.

ವ್ಯಾಪಾರದ ವಿಷಯ ಒಂದೆರಡು ಮಾತಿನಲ್ಲಿ ಮುಗಿಸಬಹುದು. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. 2023ರ ‘ದಿ ಮಾರ್ವೆಲ್ಸ್’ ಸುಮಾರು 20 ಕೋಟಿಗೆ ನಿಂತಿತು. 2025ರಲ್ಲಿ ಬಂದ ಮಾರ್ವೆಲ್‌ನ ಮೂರು ಚಿತ್ರಗಳಲ್ಲಿ ಒಂದೂ ನೂರು ಕೋಟಿ ಡಾಲರ್ ಮುಟ್ಟಲಿಲ್ಲ. ಸೀಮಾಂತ ತುಷ್ಟಿಗುಣ ಇಳಿಮುಖವಾಗುತ್ತದೆ ಎಂಬ ಹಳೆಯ ಪಾಠ ಸಾಕು, ಬೇರೆ ವಿವರಣೆ ಬೇಕಿಲ್ಲ. ಹತ್ತನೆಯ ಸಲ ಊರು ಉರುಳುವಾಗ ನೋಡುವವನಿಗೆ ಆಕಳಿಕೆ ಬರುತ್ತದೆ.

ಹೊಣೆಗಾರಿಕೆಯ ಪ್ರಶ್ನೆ ಅಷ್ಟು ಸುಲಭದ್ದಲ್ಲ. 2016ರ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ ಅದನ್ನು ಎತ್ತಿಕೊಂಡದ್ದು ಮೆಚ್ಚತಕ್ಕದ್ದು. 117 ದೇಶಗಳು ಕೂಡಿ, ಈ ಅತಿಮಾನವರು ಇನ್ನು ಮುಂದೆ ವಿಶ್ವಸಂಸ್ಥೆಯ ಮೇಲ್ವಿಚಾರಣೆಗೆ ಒಳಪಡಬೇಕೆಂಬ ಒಪ್ಪಂದ ಸಿದ್ಧಪಡಿಸುತ್ತವೆ. ಹಿಂದಿನ ಕಾಳಗವೊಂದರಲ್ಲಿ ಮಗನನ್ನು ಕಳೆದುಕೊಂಡ ತಾಯಿ ಸ್ಟಾರ್ಕ್‌ನನ್ನು ಎದುರಿಸಿ ನಿಲ್ಲುವ ದೃಶ್ಯ ನಿಜಕ್ಕೂ ಮನಕಲಕುತ್ತದೆ. ಆದರೂ ನಾಯಕ ಸಹಿ ಹಾಕಲು ಒಪ್ಪುವುದಿಲ್ಲ, ಚಿತ್ರದ ಒಲವೂ ಅವನ ಕಡೆಗೇ. ನಾನಾಗಿದ್ದರೆ ಮೊದಲ ದಿನವೇ ಸಹಿ ಹಾಕಿ, ಭಿನ್ನಾಭಿಪ್ರಾಯವಿದ್ದರೆ ಕಡತದಲ್ಲಿ ಟಿಪ್ಪಣಿ ಬರೆದಿಡುತ್ತಿದ್ದೆ. 2025ರ ‘ಸೂಪರ್‌ಮ್ಯಾನ್’ ಚಿತ್ರದಲ್ಲಿ ಇದಕ್ಕಿಂತ ಒಳ್ಳೆಯ ದೃಶ್ಯವಿದೆ. ಎರಡು ಕಾಲ್ಪನಿಕ ದೇಶಗಳ ನಡುವಿನ ಯುದ್ಧವನ್ನು ತಾನೊಬ್ಬನೇ ಹೋಗಿ ತಡೆದ ಸೂಪರ್‌ಮ್ಯಾನ್‌ನನ್ನು ಪತ್ರಕರ್ತೆ ಲೂಯಿಸ್ ಲೇನ್ ಸಂದರ್ಶಿಸುತ್ತಾಳೆ. ಯಾರನ್ನು ಕೇಳಿ ಹೋದೆ, ಯಾರ ಪರವಾಗಿ ಹೋದೆ ಎಂದು ಪಟ್ಟು ಬಿಡದೆ ಪ್ರಶ್ನಿಸುತ್ತಾಳೆ. ಆಕೆ ಅವನ ಪ್ರೇಯಸಿಯೂ ಹೌದು ಎಂಬುದು ಇಲ್ಲಿನ ಸ್ವಾರಸ್ಯ. ಜನ ಸಾಯುತ್ತಿದ್ದರು ಎಂಬುದಷ್ಟೇ ಅವನ ಉತ್ತರ. ಆ ಉತ್ತರ ತಪ್ಪಲ್ಲ, ಆ ಪ್ರಶ್ನೆಯೂ ತಪ್ಪಲ್ಲ. ಇದೇ ಚಿತ್ರದಲ್ಲಿ ನಾಯಕ ರಕ್ಕಸ ಪ್ರಾಣಿಯೊಡನೆ ಸೆಣಸುವಾಗಲೂ ಒಂದು ಅಳಿಲನ್ನು ಬದುಕಿಸುತ್ತಾನೆ. ಮೆಟ್ರೊಪೊಲಿಸ್ ಸೀಳುವ ಮೊದಲು ಜನರನ್ನು ತೆರವುಗೊಳಿಸಿದ್ದನ್ನೂ ಚಿತ್ರ ತೋರಿಸುತ್ತದೆ. 2013ರ ಚಿತ್ರದ ಲೆಕ್ಕಬಾಕಿ ತೀರಿಸಿದಂತೆ ನನಗೆ ಕಂಡಿತು.

ನಮ್ಮಲ್ಲಿ ಸಾಹಸ ಚಿತ್ರದ ನಾಯಕ ಮೊದಲು ಯಾರಾಗಿದ್ದ ಎಂಬುದನ್ನು ನೆನೆದರೆ ಬೆರಗಾಗುತ್ತದೆ. 1968ರ ‘ಜೇಡರ ಬಲೆ’ಯಿಂದ ಮೊದಲಾದ ದೊರೈ-ಭಗವಾನ್ ಜೋಡಿಯ ಬಾಂಡ್ ಮಾದರಿ ಚಿತ್ರಗಳಲ್ಲಿ ಡಾ. ರಾಜಕುಮಾರ್ ಅವರದು ಸಿ.ಐ.ಡಿ. 999 ಎಂಬ ಪಾತ್ರ. ಎಷ್ಟೇ ಗುದ್ದಾಡಿದರೂ, ಯಾವ ವೇಷ ಹಾಕಿದರೂ ಆತ ಸರ್ಕಾರಿ ನೌಕರ. ಮೇಲಧಿಕಾರಿ ಕರೆದರೆ ಹೋಗಬೇಕು, ಕೆಲಸ ಮುಗಿಸಿ ವರದಿ ಒಪ್ಪಿಸಬೇಕು. 1988ರಲ್ಲಿ ಶಂಕರ್‌ನಾಗ್ ಮಾಡಿದ ‘ಸಾಂಗ್ಲಿಯಾನ’ನೂ ಪೊಲೀಸ್ ಅಧಿಕಾರಿಯೇ. ವ್ಯವಸ್ಥೆಯಲ್ಲಿ ಕೊಳಕಿದೆ, ಅದನ್ನು ಒಳಗಿನವನೇ ತೊಳೆಯಬಲ್ಲ ಎಂಬ ನಂಬಿಕೆ ಆ ಚಿತ್ರಗಳ ತಳದಲ್ಲಿತ್ತು.

ಈಗಿನ ನಾಯಕ ವ್ಯವಸ್ಥೆಯ ಹೊರಗೆ ನಿಂತವನು. ಕನ್ನಡ ಚಿತ್ರರಂಗಕ್ಕೆ ದೇಶದ ಮಾರುಕಟ್ಟೆಯನ್ನು ತೆರೆದುಕೊಟ್ಟ ‘ಕೆಜಿಎಫ್’ ಬಗ್ಗೆ ಕನ್ನಡಿಗನಾಗಿ ನನಗೂ ಹೆಮ್ಮೆಯಿದೆ. ಆದರೆ 2022ರ ಎರಡನೆಯ ಭಾಗದಲ್ಲಿ ನಾಯಕ ರಾಕಿ ಸಂಸತ್ತಿಗೆ ನುಗ್ಗಿ, ಪ್ರಧಾನಿಯ ಎದುರಿನಲ್ಲೇ ರಾಜಕಾರಣಿಯೊಬ್ಬನನ್ನು ಗುಂಡಿಕ್ಕಿ ಕೊಂದಾಗ ಚಿತ್ರಮಂದಿರ ತುಂಬ ಶಿಳ್ಳೆ ಮೊಳಗಿದ್ದನ್ನು ಕೇಳಿ ನಾನು ಕುರ್ಚಿಯಲ್ಲಿ ಮುದುಡಿಕೊಂಡೆ. 2023ರ ಹಿಂದಿ ಚಿತ್ರ ‘ಜವಾನ್’ನಲ್ಲಿ ನಾಯಕ ರೈತರ ಸಾಲ ತೀರಿಸಲು ಮೆಟ್ರೊ ಪ್ರಯಾಣಿಕರನ್ನು ಒತ್ತೆಯಿರಿಸಿಕೊಳ್ಳುತ್ತಾನೆ. ಆರೋಗ್ಯ ಸಚಿವರನ್ನು ಅಪಹರಿಸಿ ಸರ್ಕಾರಿ ಆಸ್ಪತ್ರೆಗಳನ್ನು ಕೆಲವೇ ಗಂಟೆಗಳಲ್ಲಿ ಸರಿಪಡಿಸಿಬಿಡುತ್ತಾನೆ. ಕೊನೆಯಲ್ಲಿ ಮತದಾರರಿಗೆ ಹಿತೋಪದೇಶವಿದೆ, ನಿಜ. ಆದರೆ ಅದಕ್ಕೂ ಮುನ್ನ ಮೂರು ಗಂಟೆ ಹೊತ್ತು ಬಂದೂಕು ಮಾತನಾಡಿರುತ್ತದೆ. 2025ರಲ್ಲಿ ದೊಡ್ಡ ಯಶಸ್ಸು ಕಂಡ ಮಲಯಾಳದ ‘ಲೋಕಾ’ ನಮ್ಮ ಬೆಂಗಳೂರಿನಲ್ಲೇ ನಡೆಯುವ ಸೂಪರ್‌ಹೀರೊ ಕಥೆ. ಯಕ್ಷಿಯ ಜನಪದ ಕಥೆಯನ್ನು ಹೆಣ್ಣಿನ ಸಾಹಸವಾಗಿ ಹೊಸೆದ ಜಾಣ್ಮೆ ಅದರಲ್ಲಿದೆ. ಅಲ್ಲಿಯೂ ಪೊಲೀಸ್ ಅಧಿಕಾರಿಯೇ ಖಳ.

ಶಿಳ್ಳೆ ಹೊಡೆದವರನ್ನು ನಾನು ದೂರಲಾರೆ. ಖಾತೆ ಬದಲಾವಣೆಗೋ ವಿಧವಾ ವೇತನಕ್ಕೋ ಕಚೇರಿಯ ಕಿಟಕಿಯ ಮುಂದೆ ಹತ್ತು ಸಲ ನಿಂತು ಬಂದವನಿಗೆ, ಬಾಗಿಲನ್ನೇ ಒದ್ದು ಒಳನುಗ್ಗುವ ನಾಯಕ ತನ್ನವನೆನಿಸುವುದು ಸಹಜ. ಹಿಂದೊಮ್ಮೆ ದೆವ್ವ ಬಾರದಿರಲೆಂದು ಜನ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ನಮ್ಮ ಕಚೇರಿಗಳು ಅದನ್ನು ಬರೆಯದೆಯೇ ಹೇಳುತ್ತ ಬಂದಿವೆ. ಹಾಗೆಂದು ಬಾಗಿಲು ಒದೆಯುವವನು ಒಳಬಂದ ಮೇಲೆ ಖಾತೆ ಬರೆಯುತ್ತಾನೆಯೇ? ಬರೆಯುವ ಕೆಲಸ ಮತ್ತೆ ಯಾರೋ ಒಬ್ಬ ಗುಮಾಸ್ತರದೇ. ಅವರು ಸಮಯಕ್ಕೆ ಸರಿಯಾಗಿ, ಕೈಚಾಚದೆ ಬರೆಯುವಂತೆ ಮಾಡುವುದು ಹೇಗೆ ಎಂಬುದು ಶಿಳ್ಳೆ ಗಿಟ್ಟಿಸುವ ವಿಷಯವಲ್ಲ. ನಮ್ಮ ಸಾರ್ವಜನಿಕ ಮಾತುಕತೆಯಲ್ಲೂ ಈಚೆಗೆ ‘ಯಾರಾದರೂ ಒಬ್ಬ ಗಟ್ಟಿಗ ಬರಬೇಕು’ ಎಂಬ ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ವಾಯುವಿಹಾರದ ಗೆಳೆಯರು, ವಿದ್ಯಾವಂತರು, ಪಿಂಚಣಿದಾರರು ಆ ಮಾತನ್ನಾಡುತ್ತಾರೆ. ಚಿತ್ರಗಳು ಆ ಹಂಬಲವನ್ನು ಹುಟ್ಟಿಸಿದವು ಎನ್ನಲಾರೆ, ಅದಕ್ಕೆ ನೀರೆರೆಯುತ್ತಿವೆ ಎಂದು ಮಾತ್ರ ಹೇಳಬಲ್ಲೆ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕ ಕಂಡ ನೆರೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಪರಿಹಾರ ಕಾರ್ಯದ ಉಸ್ತುವಾರಿಗೆ ನಾನೂ ನಿಯೋಜಿತನಾಗಿದ್ದೆ. ಅಲ್ಲಿ ಜನರನ್ನು ಬದುಕಿಸಿದವರು ಹರಿಗೋಲಿನ ಅಂಬಿಗರು. ಶಾಲೆಯ ಬೀಗ ತೆಗೆದು ಗಂಜಿ ಕೇಂದ್ರ ನಡೆಸಿದವರು ಮೇಷ್ಟ್ರುಗಳು. ಕೆಸರಿನಲ್ಲಿ ಕಂಬ ನೆಟ್ಟವರು ಲೈನ್‌ಮನ್‌ಗಳು. ನೀರು ಇಳಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ಗ್ರಾಮ ಲೆಕ್ಕಿಗರು ಮನೆ ಮನೆಗೆ ಹೋಗಿ ಪೂರ್ಣ ಹಾನಿಯೋ ಭಾಗಶಃ ಹಾನಿಯೋ ಎಂದು ಪಟ್ಟಿ ಮಾಡಬೇಕು, ಏಕೆಂದರೆ ಪರಿಹಾರದ ಮೊತ್ತ ಅದರ ಮೇಲೆ ನಿಂತಿದೆ. “ಅರ್ಧ ಗ್ವಾಡಿ ನಿಂತೈತಿ ಅಂತ ಅರ್ಧ ಮನ್ಯಾಗ ಇರಾಕ ಬರತೈತೇನ್ರೀ ಸಾಹೇಬ್ರ?” ಎಂದು ಒಬ್ಬ ಅಜ್ಜಿ ಕೇಳಿದಳು. ಆ ಪ್ರಶ್ನೆಗೆ ಉತ್ತರ ನಿಯಮಾವಳಿಯಲ್ಲಿ ಇರಲಿಲ್ಲ. ಎಂಜಿನಿಯರನ್ನು ಮತ್ತೆ ಕಳುಹಿಸಿ, ಮಹಜರು ಬರೆಸಿ, ಗೋಡೆ ವಾಸಯೋಗ್ಯವಲ್ಲ ಎಂದು ದೃಢೀಕರಿಸಿಕೊಂಡು ಪಟ್ಟಿ ತಿದ್ದಲು ಮೂರು ವಾರ ಹಿಡಿಯಿತು. ಆ ಮೂರು ವಾರಗಳಲ್ಲಿ ಯಾರೂ ಹಾರಲಿಲ್ಲ.

ಒಡಿಶಾದ ಉದಾಹರಣೆ ಇನ್ನೂ ದೊಡ್ಡದು. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅದೇ ವರ್ಷದ ಕೊನೆಯಲ್ಲಿ ಆ ರಾಜ್ಯ ವಿಪತ್ತು ನಿರ್ವಹಣೆಗೆಂದೇ ಒಂದು ಸಂಸ್ಥೆಯನ್ನು ಕಟ್ಟಿತು. ಆಶ್ರಯ ಕಟ್ಟಡಗಳು ಎದ್ದವು, ಊರೂರಿನಲ್ಲಿ ಸ್ವಯಂಸೇವಕರ ತರಬೇತಿ, ಅಣಕು ಕಾರ್ಯಾಚರಣೆ ನಡೆದವು. 2019ರ ಮೇ ತಿಂಗಳಲ್ಲಿ ‘ಫೋನಿ’ ಚಂಡಮಾರುತ ಅಪ್ಪಳಿಸುವ ಮುನ್ನ ಸುಮಾರು 12 ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಅಲ್ಲಿ ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಸಾವಿರಾರು ಜೀವಗಳು ಉಳಿದ ಈ ಘಟನೆಯಲ್ಲಿ ನಾಯಕನೆಂದು ಬೆರಳಿಟ್ಟು ತೋರಿಸಲು ಒಬ್ಬ ವ್ಯಕ್ತಿ ಸಿಗುವುದಿಲ್ಲ.

ಇಂಥದನ್ನು ಜನ ನೋಡುವುದಿಲ್ಲ ಎಂಬ ನಿರ್ಮಾಪಕರ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಕೇರಳದ 2018ರ ಮಹಾಪೂರವನ್ನು ಕುರಿತ ಮಲಯಾಳ ಚಿತ್ರ ‘2018’ ಐದು ವರ್ಷಗಳ ಬಳಿಕ ತೆರೆಕಂಡು ಗಳಿಕೆಯಲ್ಲಿ ಅಲ್ಲಿನ ದಾಖಲೆಗಳನ್ನೇ ಮುರಿಯಿತು. ಆಸ್ಕರ್‌ಗೆ ಭಾರತದ ಅಧಿಕೃತ ಆಯ್ಕೆಯೂ ಆಯಿತು. ಸರ್ಕಾರದ ಪಾತ್ರವನ್ನು ಅದು ಕಡೆಗಣಿಸಿದೆ ಎಂಬ ಟೀಕೆ ಬಂದಿತ್ತು, ಅದರಲ್ಲಿ ಹುರುಳೂ ಇರಬಹುದು. ಆದರೂ ತಮ್ಮ ದೋಣಿಗಳನ್ನು ಲಾರಿಗೇರಿಸಿಕೊಂಡು ಬಂದ ಮೀನುಗಾರರು ತೆರೆಯ ಮೇಲೆ ಕಂಡಾಗ ನನ್ನ ಪಕ್ಕದ ಸಾಲಿನವರು ಎದ್ದು ಚಪ್ಪಾಳೆ ತಟ್ಟಿದರು. ಅಲ್ಲಿ ಯಾರ ಕೈಯಲ್ಲೂ ಬಂದೂಕಿರಲಿಲ್ಲ.

ನನ್ನ ಮಟ್ಟಿಗೆ ಈ ಬಗೆಯಲ್ಲಿ ಅತ್ಯುತ್ತಮವಾದದ್ದು 2016ರ ಜಪಾನಿ ಚಿತ್ರ ‘ಶಿನ್ ಗಾಡ್ಜಿಲಾ’. 2011ರ ಸುನಾಮಿ ಮತ್ತು ಫುಕುಶಿಮಾ ದುರಂತದ ನೆರಳು ಅದರ ಮೇಲೆ ದಟ್ಟವಾಗಿದೆ. ರಕ್ಕಸ ಪ್ರಾಣಿ ಟೋಕಿಯೊದತ್ತ ಬರುತ್ತಿರುವಾಗ ಸಚಿವರು ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಿರುತ್ತಾರೆ. ಈ ವಿಷಯ ಯಾವ ಇಲಾಖೆಗೆ ಸೇರಿದ್ದು ಎಂಬ ಚರ್ಚೆ ನಡೆಯುತ್ತದೆ. ನಾನು ಬಿದ್ದು ಬಿದ್ದು ನಕ್ಕೆ, ಅಷ್ಟೂ ನನಗೆ ಪರಿಚಿತ. ಆದರೆ ಮುಂದೆ ಊರನ್ನು ಉಳಿಸುವವರೂ ಅದೇ ಜಾತಿಯ ಜನ. ಕಿರಿಯ ಅಧಿಕಾರಿಗಳು, ವಿಜ್ಞಾನಿಗಳು ನಿದ್ದೆಗೆಟ್ಟು ಒಂದು ಯೋಜನೆ ರೂಪಿಸುತ್ತಾರೆ. ಅವರ ಆಯುಧಗಳು ಚಾಲಕರಿಲ್ಲದ ರೈಲುಗಳು ಮತ್ತು ಕಾಂಕ್ರೀಟ್ ಪಂಪ್ ಹೊತ್ತ ಲಾರಿಗಳು! ರಕ್ಕಸ ಸಾಯುವುದಿಲ್ಲ, ಹೆಪ್ಪುಗಟ್ಟಿ ನಗರದ ನಡುವೆ ನಿಂತುಬಿಡುತ್ತದೆ. ಅದನ್ನು ಇಟ್ಟುಕೊಂಡೇ ಆಡಳಿತ ನಡೆಸಬೇಕಾದ ಮಾರನೆಯ ದಿನದ ಹೊಸ್ತಿಲಿಗೆ ತಂದು ನಿರ್ದೇಶಕರು ಚಿತ್ರ ಮುಗಿಸುತ್ತಾರೆ. ಮೊಮ್ಮಗನಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ, “ಬರೀ ಮೀಟಿಂಗ್ ತಾತ” ಎಂದ. ಆದರೆ ಆ ಪಂಪ್ ಲಾರಿ ಓಡಿಸುವವರು ಯಾರು, ಅವರಿಗೆ ಏನಾಯಿತು ಎಂದು ಊಟದ ಹೊತ್ತಿನಲ್ಲಿ ಎರಡು ಸಲ ಕೇಳಿದ.