ಹೊಟ್ಟು ಬೆರೆತ ಮಣ್ಣು, ಪರಮಾಣುವಿನ ಒಲೆ

ಸಿರುಗುಪ್ಪದಿಂದ ಆದವಾನಿಯ ದಾರಿ ಹಿಡಿದವರಿಗೆ ವೇದಾವತಿಯ ದಡದಲ್ಲಿ ಸಿಕ್ಕುವ ಊರು ರಾರಾವಿ. ಕಳೆದ ಬೇಸಗೆಯಲ್ಲಿ ಅಲ್ಲಿಯ ಬಂಧುಗಳ ಮನೆಗೆ ಹೋಗಿದ್ದೆ. ಮನೆಯ ಹಿರಿಯರು ಹಿತ್ತಲ ಗೋಡೆಗೆ ಮೆತ್ತಲು ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ ತುಳಿಯುತ್ತಿದ್ದರು.

“ಹೊಟ್ಟು ಯಾಕಜ್ಜಾ?” ಎಂದೆ.

“ಬರೇ ಮಣ್ಣಾದ್ರೆ ಬಿಸಿಲಿಗೆ ಬಿರಿತೈತಪ್ಪಾ. ಹೊಟ್ಟಿದ್ರೆ ಬಿರುಕು ಅಲ್ಲೇ ನಿಲ್ತೈತಿ.”

ಅಣುವಿಜ್ಞಾನಿಗಳು ಇಂದು ಹಿಡಿದಿರುವ ಹಾದಿಯೂ ಇದೇ ಎಂದರೆ ವಾಚಕರು ನಂಬುವರೇ?

ನಮ್ಮ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಪರಮಾಣು ಘಟಕಗಳಿವೆ. ಅಲ್ಲಿ ಉರಿಯುವ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳು ಒಂದು ಬಗೆಯ ಪಿಂಗಾಣಿಯೇ; ಅವನ್ನು ತುಂಬಿರುವುದು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ. ಈ ಲೋಹ ಬಹಳ ಒಳ್ಳೆಯದು. ಆದರೆ ತಂಪು ತಪ್ಪಿ ಮಿತಿಮೀರಿ ಕಾದರೆ ಹಬೆಯೊಡನೆ ವರ್ತಿಸಿ ಜಲಜನಕವನ್ನು ಹೊರಸೂಸುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಸ್ಥಾವರದ ಕಟ್ಟಡಗಳನ್ನು ಸಿಡಿಸಿದ್ದು ಇಂಥ ಜಲಜನಕವೇ.

ಅದಕ್ಕೆ ಬದಲು ಸಾಣೆಚಕ್ರದಲ್ಲಿ ಬಳಸುವ ಸಿಲಿಕಾನ್ ಕಾರ್ಬೈಡನ್ನು ಬಳಸಬಾರದೇಕೆ? ಅದು ಕಾವನ್ನು ಸಹಿಸೀತು, ಹಬೆಗೂ ಅಷ್ಟು ಬೇಗ ಮಣಿಯದು. ಆದರೆ ಪಿಂಗಾಣಿಯ ಬಟ್ಟಲಿನಂತೆ ಒಮ್ಮೆಗೇ ಒಡೆದೀತು! ಜಪಾನಿನ ಸೀಶಿ ಯಾಜಿಮಾ 1975ರಲ್ಲಿ ಇದೇ ವಸ್ತುವಿನ ಎಳೆಗಳನ್ನು ತೆಗೆಯುವ ಬಗೆಯನ್ನು ಪ್ರಕಟಿಸಿದರು. ಎಳೆಗಳನ್ನು ಹೆಣೆದು, ಅವುಗಳ ನಡುವೆ ಅದೇ ಪಿಂಗಾಣಿಯನ್ನು ತುಂಬಿದರೆ, ಓಡಿಬಂದ ಬಿರುಕು ಎಳೆಗೆ ತಾಗಿ ದಾರಿ ತಪ್ಪುತ್ತದೆ. ಅಜ್ಜನ ಹೊಟ್ಟಿನ ಕೆಲಸವೂ ಇದೇ.

ನಿಜವಾದ ಪರೀಕ್ಷೆ ವಿಕಿರಣದ್ದು. ನ್ಯೂಟ್ರಾನುಗಳು ಬಡಿದಾಗ ಪರಮಾಣುಗಳು ತಮ್ಮ ನೆಲೆಯಿಂದ ಕದಲುತ್ತವೆ, ವಸ್ತು ಉಬ್ಬುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಈ ಉಬ್ಬು ನೂರಕ್ಕೆ ಎರಡರಷ್ಟಾಗಿ ಅಲ್ಲಿಗೆ ನಿಲ್ಲುತ್ತದೆ. ಆದರೆ ಶಾಖವನ್ನು ಸಾಗಿಸುವ ಶಕ್ತಿ ಬಹಳವಾಗಿ ಕುಗ್ಗುತ್ತದೆ. ಮೇಲಾಗಿ ಕಾವು ಕಡಿಮೆಯಿರುವೆಡೆ ಉಬ್ಬು ಹೆಚ್ಚು. ಆದಕಾರಣ ಕೊಳವೆಯ ಹೊರಮೈ ಒಳಮೈಗಿಂತ ಹೆಚ್ಚು ಹಿಗ್ಗಿ, ಒಳಮೈಯನ್ನು ಜಗ್ಗುತ್ತದೆ. ಅಲ್ಲೊಂದು ಕೂದಲೆಳೆಯ ಬಿರುಕು ಬಿಟ್ಟರೂ ವಿಕಿರಣಶೀಲ ಅನಿಲ ಸೋರೀತು.

ಮೊದಮೊದಲ ಎಳೆಗಳಲ್ಲಿ ಆಮ್ಲಜನಕ ಬೆರೆತಿತ್ತು. ವಿಕಿರಣಕ್ಕೆ ಸಿಕ್ಕಿ ಎಳೆ ಕುಗ್ಗಿತು, ಸುತ್ತಲ ಪಿಂಗಾಣಿ ಹಿಗ್ಗಿತು. ಎರಡರ ಬಂಧ ಬಿಟ್ಟು ಬಲ ಕುಸಿಯಿತು. ಶುದ್ಧವಾದ ಎಳೆಗಳು ಬಂದ ಮೇಲೆ ಎರಡೂ ಜೊತೆಯಾಗಿ ಹಿಗ್ಗಿ, ಬಲ ಉಳಿಯಿತು. ಕೂಡಿ ಬಾಳುವವರು ಕಷ್ಟ ಬಂದಾಗ ಒಂದೇ ದಿಕ್ಕಿಗೆ ನಡೆಯಬೇಕೆಂಬುದು ಸಂಸಾರಿಗಳಿಗೆ ಹೊಸ ಮಾತೇನಲ್ಲ!

ಇನ್ನೊಂದು ಸೋಜಿಗ: ಭತ್ತದ ಹೊಟ್ಟಿನಲ್ಲಿ ಸಿಲಿಕವೂ ಇದೆ, ಇಂಗಾಲವೂ ಇದೆ. ಗಾಳಿಯಾಡದಂತೆ ಸುಮಾರು 1500 ಡಿಗ್ರಿಯವರೆಗೆ ಕಾಯಿಸಿದರೆ ಅದರಿಂದಲೇ ಸಿಲಿಕಾನ್ ಕಾರ್ಬೈಡ್ ದೊರೆಯುತ್ತದೆ. ಅದು ಸ್ಥಾವರಕ್ಕೆ ಬೇಕಾದಷ್ಟು ಶುದ್ಧವಲ್ಲ, ನಿಜ. ಆದರೂ ಸಿರುಗುಪ್ಪದ ಅಕ್ಕಿ ಗಿರಣಿಗಳ ಹೊಟ್ಟಿನ ರಾಶಿಯನ್ನು ಇನ್ನು ಹಗುರವಾಗಿ ನೋಡಲಾರೆ.

ಈ ಹೊಸ ಕೊಳವೆಗಳು ಇನ್ನೂ ಪರೀಕ್ಷೆಯ ಹಂತದಲ್ಲಿವೆ. ಆತುರವೇಕೆ? ಗೋಡೆ ಚೆನ್ನಾಗಿದೆಯೆಂದು ನಾನು ಹೊಗಳಿದಾಗ ಅಜ್ಜ ಕೈ ತೊಳೆಯುತ್ತ ಅಂದದ್ದು ಇಷ್ಟೇ: “ಈಗ ಏನು ನೋಡ್ತೀಯಪ್ಪಾ? ಎರಡು ಮಳಿಗಾಲ ಕಳೀಲಿ, ಆಮೇಲೆ ಬಾ.”